ಕಲ್ಲುಸಕ್ಕರೆಯ ಬೆಟ್ಟವನ್ನು ಹೇಳಿದ ಕಾಗೆ

(ಶ್ರೀಮಠದ ಮಹೋತ್ಸವದ ಅಂಗವಾಗಿ ನಡೆದ ವಿದ್ವದ್ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ಈ ಗೋಷ್ಠಿಯಲ್ಲಿ ಮಾತನಾಡಬೇಕೆಂದು ನನಗೆ ಅಪ್ಪಣೆಯಾದಾಗ, ಇವನು ಯಾವುದಾದರೊಂದು ಪುರಾಣವನ್ನೋ ಶಾಸ್ತ್ರಪ್ರಕರಣವನ್ನೋ ಎತ್ತಿಕೊಳ್ಳುವನೆಂದು ಹಲವರು ಎಣಿಸಿದ್ದಿರಬಹುದು. ನಾನು ಎತ್ತಿಕೊಂಡಿರುವುದಾದರೋ ಒಂದು ಇಂಗ್ಲಿಷು ಕಥೆಯೊಳಗಿನ ಕಾಗೆಯನ್ನು. ಆ ಕಥೆಯಲ್ಲಿ ಅದು ನಾಯಕನಲ್ಲ, ಪ್ರತಿನಾಯಕನೂ ಅಲ್ಲ. ಅದರ ವಿಷಯವಾಗಿ ಗ್ರಂಥಕರ್ತನು ಬರೆದಿರುವುದನ್ನೆಲ್ಲ ಒಂದೆಡೆ ಕೂಡಿಸಿದರೂ ಎರಡು ಪುಟಗಳು ತುಂಬಲಾರವು. ಆದರೂ ಅದನ್ನು ಆರಿಸಿಕೊಂಡುದಕ್ಕೆ ಕಾರಣವುಂಟು. ಆ ಕಾಗೆಯ ಉದ್ಯೋಗವು ಉಪದೇಶ. ಪರಲೋಕದ ಸುಖವನ್ನು ಇಹಲೋಕದ ಬಡವರಿಗೆ ವರ್ಣಿಸಿ ಹೇಳುವುದೇ ಅದರ ಬಾಳುವೆ. ಉಪದೇಶದ ಪೀಠಗಳ ನೆರಳಿನಲ್ಲಿ ಅನ್ನವನ್ನುಣ್ಣುವ ನಮ್ಮಂತಹವರು ಈ ಪಕ್ಷಿಯನ್ನು ಕಂಡೂ ಕಾಣದಂತೆ ದಾಟಿಹೋಗುವುದು ಸಲ್ಲದೆಂದು ನನಗೆ ತೋರಿತು.

ಕಥೆಯ ಹೆಸರು 'ಅನಿಮಲ್ ಫಾರ್ಮ್', ಎಂದರೆ ಪ್ರಾಣಿಗಳೇ ಒಡೆತನ ನಡೆಯಿಸುವ ಹೊಲಮನೆ. ಬರೆದವನು ಜಾರ್ಜ್ ಆರ್ವೆಲ್. ಇದು ಅವನ ಅಂಕಿತನಾಮ. ತಾಯಿತಂದೆಗಳಿಟ್ಟ ಹೆಸರು ಎರಿಕ್ ಬ್ಲೇರ್. ಅವನು ಹುಟ್ಟಿದುದು ನಮ್ಮ ದೇಶದಲ್ಲಿಯೇ. ಬಿಹಾರ ಪ್ರಾಂತದ ಮೋತಿಹಾರಿಯಲ್ಲಿ, 1903ನೆಯ ಇಸವಿ ಜೂನ್ 25ರಂದು. ತಂದೆಯು ಅಲ್ಲಿ ಬ್ರಿಟಿಷ್ ಸರಕಾರದ ಅಫೀಮು ಇಲಾಖೆಯಲ್ಲಿ ನೌಕರನಾಗಿದ್ದನು. ಈ ಅಫೀಮಿನ ಸಂಗತಿಯನ್ನು ಸಭಿಕರು ಸ್ವಲ್ಪ ನೆನಪಿನಲ್ಲಿಟ್ಟುಕೊಂಡಿರಬೇಕು. ಮುಂದೆ ಅದರ ಪ್ರಯೋಜನವಿದೆ. ಮಗನು 1922ರಿಂದ 1927ರ ವರೆಗೆ ಬರ್ಮಾದಲ್ಲಿ ಪೊಲೀಸು ಅಧಿಕಾರಿಯಾಗಿದ್ದು, ಆಳುವ ಕೈಯ ಕೆಲಸ ಹೇಗಿರುವುದೆಂಬುದನ್ನು ಒಳಗಿನಿಂದಲೇ ಕಂಡು, ಬೇಸತ್ತು ಬಿಟ್ಟನು. ಮುಂದೆ ಸ್ಪೇನಿನ ಅಂತರ್ಯುದ್ಧಕ್ಕೆ ಹೋಗಿ 1937ರಲ್ಲಿ ಕೊರಳಿಗೆ ಗುಂಡು ತಗಲಿಸಿಕೊಂಡನು. ಈ ಕಥೆಯನ್ನು ಅವನು 1943ರ ನವೆಂಬರಿನಲ್ಲಿ ತೊಡಗಿ 1944ರ ಫೆಬ್ರವರಿಯಲ್ಲಿ ಮುಗಿಸಿದನು. ಆಗ ಮಹಾಯುದ್ಧದಲ್ಲಿ ರಷ್ಯವು ಇಂಗ್ಲೆಂಡಿನ ಮಿತ್ರರಾಷ್ಟ್ರ. ಮಿತ್ರನ ಮೈಮೇಲಿನ ಹುಣ್ಣನ್ನು ತೋರಿಸುವ ಪುಸ್ತಕವನ್ನು ಅಚ್ಚುಹಾಕಿಸಲು ಹಲವು ಪ್ರಕಾಶಕರು ಹಿಂಜರಿದರು. ಕಡೆಗೆ ಅದು 1945ನೆಯ ಆಗಸ್ಟ್ 17ರಂದು ಲಂಡನ್ನಿನಲ್ಲಿ ಪ್ರಕಟವಾಯಿತು.

ಕಥೆಯನ್ನು ಅರಿಯದವರಿಗಾಗಿ ಅದರ ಸಾರವನ್ನಿಷ್ಟು ಹೇಳುವೆನು. ಜೋನ್ಸ್ ಎಂಬ ಕುಡುಕ ಒಕ್ಕಲಿಗನ ಹೊಲಮನೆಯಲ್ಲಿ ದನ, ಕುದುರೆ, ಕುರಿ, ಕೋಳಿಗಳು ಅರೆಹೊಟ್ಟೆಯಲ್ಲಿ ದುಡಿಯುತ್ತಿರುವವು. ಮೇಜರ್ ಎಂಬ ಮುದಿಹಂದಿಯು ಒಂದು ರಾತ್ರಿ ಅವುಗಳನ್ನೆಲ್ಲ ಕೂಡಿಸಿ, ಮನುಷ್ಯನನ್ನು ಓಡಿಸಿದ ಹೊರತು ನಿಮಗೆ ಬಿಡುಗಡೆಯಿಲ್ಲವೆಂದು ಬೋಧಿಸುವುದು. ದಂಗೆಯಾಗುವುದು, ಜೋನ್ಸನು ಓಡುವನು. ಎಲ್ಲ ಪ್ರಾಣಿಗಳೂ ಸಮಾನವೆಂದು ಕಟ್ಟಳೆಗಳನ್ನು ಗೋಡೆಯ ಮೇಲೆ ಬರೆಯಲಾಗುವುದು. ಆದರೆ ಓದುಬರೆಹ ಬಲ್ಲ ಹಂದಿಗಳು ಮೊದಲು ಹಾಲನ್ನೂ, ಆಮೇಲೆ ಸೇಬಿನ ಹಣ್ಣನ್ನೂ, ಆಮೇಲೆ ಅಧಿಕಾರವನ್ನೂ ತಮ್ಮದಾಗಿಸಿಕೊಳ್ಳುವವು. ನೆಪೋಲಿಯನ್ ಎಂಬ ಹಂದಿಯು ಸ್ನೋಬಾಲ್ ಎಂಬ ತನ್ನ ಜೊತೆಗಾರನನ್ನು ನಾಯಿಗಳಿಂದ ಅಟ್ಟಿಸಿ ತಾನೊಬ್ಬನೇ ಆಳುವುದು. ಕೊನೆಗೆ ಹಂದಿ ಯಾವುದು ಮನುಷ್ಯ ಯಾವನು ಎಂಬುದು ಕಿಟಕಿಯಲ್ಲಿ ಇಣಿಕಿ ನೋಡುವ ಪ್ರಾಣಿಗಳಿಗೆ ತಿಳಿಯದೆ ಹೋಗುವುದು.

ಪ್ರಾಣಿಗಳ ಬಾಯಿಂದ ರಾಜನೀತಿಯನ್ನು ಹೇಳಿಸುವುದು ನಮಗೆ ಹೊಸದಲ್ಲ. ಪಂಚತಂತ್ರವೇ ಇದೆ, ಅದರ ಕಾಕೋಲೂಕೀಯದಲ್ಲಿ ಸ್ಥಿರಜೀವಿ ಎಂಬ ಮುದಿಕಾಗೆಯು ತನ್ನವರಿಂದ ಹೊರದೂಡಲ್ಪಟ್ಟವನಂತೆ ನಟಿಸಿ ಗೂಗೆಗಳ ಕೋಟೆಯನ್ನು ಹೊಕ್ಕು ಅವುಗಳನ್ನು ಸುಡಿಸಿದ ಕಥೆಯನ್ನು ನಮ್ಮ ಚಿಕ್ಕ ವಿದ್ಯಾರ್ಥಿಗಳೂ ಬಲ್ಲರು. ಆದರೆ ಒಂದು ಭೇದವುಂಟು. ಸ್ಥಿರಜೀವಿಯು ಇಂತಹ ಅರಸನ ಇಂತಹ ಮಂತ್ರಿಯೆಂದು ಬೆರಳಿಟ್ಟು ತೋರಿಸುವಂತಿಲ್ಲ. ಎಲ್ಲ ಕಾಲದ ಚತುರ ಮಂತ್ರಿಯೂ ಅವನೇ. ಆರ್ವೆಲ್ಲನ ಕಥೆಯಲ್ಲಿ ಒಂದೊಂದು ಪ್ರಾಣಿಗೂ ಎರಡು ಅರ್ಥಗಳು. ಒಂದು, ಎಲ್ಲ ಕಾಲಕ್ಕೂ ಸಲ್ಲುವುದು. ಇನ್ನೊಂದು, ರಷ್ಯದಲ್ಲಿ 1917ರ ಕ್ರಾಂತಿಯಿಂದ ಮುಂದಕ್ಕೆ ನಡೆದ ಚರಿತ್ರೆಗೆ ಸೇರಿದುದು. ನೆಪೋಲಿಯನ್ ಹಂದಿಯೆಂದರೆ ಸ್ಟಾಲಿನ್, ಸ್ನೋಬಾಲ್ ಎಂದರೆ ಟ್ರಾಟ್ಸ್ಕಿ. ನಮ್ಮ ಆಲಂಕಾರಿಕರು ಅನ್ಯೋಕ್ತಿಯೆಂದು ಕರೆದುದಕ್ಕೆ ಇದು ಸಮೀಪದ್ದಾದರೂ, ಇಲ್ಲಿ ಅಪ್ರಸ್ತುತವನ್ನು ಹೇಳಿ ಪ್ರಸ್ತುತವನ್ನು ಸೂಚಿಸುವ ಕೆಲಸವು ಒಂದು ಪದ್ಯದಲ್ಲಿ ಮುಗಿಯದೆ ಇಡಿಯ ಪ್ರಬಂಧಕ್ಕೆ ಹಬ್ಬಿದೆ. ನಾಟ್ಯಶಾಸ್ತ್ರದಲ್ಲಿ ಕಥೆಯುದ್ದಕ್ಕೂ ಹರಿಯುವ ಉಪಕಥೆಗೆ ಪತಾಕೆಯೆಂದೂ, ನಡುವೆ ಸುಳಿದು ಮರೆಯಾಗುವ ಸಣ್ಣ ಪ್ರಸಂಗಕ್ಕೆ ಪ್ರಕರಿಯೆಂದೂ ಹೆಸರು. ರಾಮಾಯಣದಲ್ಲಿ ಸುಗ್ರೀವನ ವೃತ್ತಾಂತವು ಪತಾಕೆ, ಜಟಾಯುವಿನದು ಪ್ರಕರಿ. ನಮ್ಮ ಈ ಕಾಗೆಯದೂ ಪ್ರಕರಿಯೇ. ಜಟಾಯುವಿನ ಹೆಸರನ್ನು ನಾನು ಸುಮ್ಮನೆ ಎತ್ತಿದವನಲ್ಲ. ಅವನ ಬಳಿಗೆ ಮತ್ತೊಮ್ಮೆ ಬರುವೆನು.

ಈ ಪಕ್ಷಿಯು ರೇವನ್ ಜಾತಿಯದು. ನಮ್ಮ ಊರ ಕಾಗೆಗಿಂತ ದೊಡ್ಡದು, ಕೊಕ್ಕು ದಪ್ಪವಾದುದು. ಅದರ ಹೆಸರು ಮೋಸಸ್. ಕನ್ನಡದ ಕಿವಿಗೆ ಇದರಲ್ಲಿ ಬೇರೊಂದು ಶಬ್ದವು ಕೇಳಿಸಿ ನಗೆ ಬರಬಹುದು. ಅದು ಕೇವಲ ಆಕಸ್ಮಿಕ, ಅದರ ಮೇಲೆ ಅರ್ಥವನ್ನು ಕಟ್ಟಲಾಗದು. ಕ್ರೈಸ್ತರ ಕನ್ನಡ ಗ್ರಂಥದಲ್ಲಿ ಮೋಶೆಯೆಂದು ಕರೆದಿರುವ ಪ್ರವಾದಿಯ ಹೆಸರೇ ಇದು. ಐಗುಪ್ತದ ಅರಸನ ಕೆಳಗೆ ಗುಲಾಮರಾಗಿ ಇಟ್ಟಿಗೆ ಮಾಡುತ್ತಿದ್ದ ಇಸ್ರಾಯೇಲಿನ ಜನರನ್ನು ಬಿಡಿಸಿ, ಹಾಲೂ ಜೇನೂ ಹರಿಯುವ ನಾಡಿನ ಕಡೆಗೆ ನಡೆಯಿಸಿಕೊಂಡು ಹೋದವನು ಅವನು. ತಾನು ಮಾತ್ರ ಬೆಟ್ಟದ ಮೇಲಿಂದ ಆ ನಾಡನ್ನು ಕಂಡು, ಒಳಗೆ ಕಾಲಿಡದೆ ತೀರಿಕೊಂಡನು. ಇಂತಹವನ ಹೆಸರನ್ನು ಹೊತ್ತ ಕಾಗೆಯು ಏನು ಮಾಡಿತು? ಪ್ರಾಣಿಗಳಿಗೆ ಬಿಡುಗಡೆಯಾದ ದಿನ, ಯಜಮಾನನ ಹೆಂಡತಿಯು ಕೈಗೆ ಸಿಕ್ಕುದನ್ನು ಚೀಲಕ್ಕೆ ತುರುಕಿಕೊಂಡು ಹಿಂಬದಿಯಿಂದ ಓಡಿಹೋಗುವಾಗ, ತನ್ನ ಕೋಲಿನಿಂದ ಹಾರಿ, ಕರ್ಕಶವಾಗಿ ಕೂಗುತ್ತ ಆಕೆಯ ಬೆನ್ನು ಹತ್ತಿತು. ಆ ಮೋಶೆಯು ಗುಲಾಮರ ಮುಂದೆ ನಡೆದನು. ಈ ಮೋಸಸ್ಸು ಒಡೆಯರ ಹಿಂದೆ ಹಾರಿತು. ಹೆಸರಿಡುವಷ್ಟರಲ್ಲಿಯೇ ಆರ್ವೆಲ್ಲನು ಅರ್ಧ ವ್ಯಾಖ್ಯಾನವನ್ನು ಮುಗಿಸಿರುವನೆಂದು ನನ್ನ ಮತ. ಅದೇ ಕ್ರೈಸ್ತಗ್ರಂಥದಲ್ಲಿ, ಎಲೀಯನೆಂಬ ಪ್ರವಾದಿಯು ಅರಸನ ಕೋಪಕ್ಕೆ ಸಿಕ್ಕಿ ಹಳ್ಳದ ಬದಿಯಲ್ಲಿ ಅಡಗಿದ್ದಾಗ ಕಾಗೆಗಳು ರೊಟ್ಟಿಯನ್ನು ತಂದು ಅವನನ್ನು ಸಲಹಿದವೆಂಬ ಕಥೆಯೂ ಇದೆ. ಆರ್ವೆಲ್ಲನಲ್ಲಿ ಅದೂ ತಿರುವುಮುರುವಾಗಿದೆ: ಇಲ್ಲಿ ಕುಡಿದು ಕುಳಿತ ಒಡೆಯನು ರೊಟ್ಟಿಯ ಚೂರನ್ನು ಬೀರಿನಲ್ಲಿ ಅದ್ದಿ ಕಾಗೆಗೆ ತಿನ್ನಿಸುವನು.

ಕಾಗೆಯು ಗ್ರಂಥದಲ್ಲಿ ಎಲ್ಲೆಲ್ಲಿ ಬರುವುದೋ ಅದನ್ನು ಕ್ರಮವಾಗಿ ನೋಡೋಣ. ಮೊದಲನೆಯ ಅಧ್ಯಾಯದಲ್ಲಿ ಅದು ಇಲ್ಲದಿರುವುದರಿಂದಲೇ ಗೋಚರವಾಗುವುದು. ಮುದಿಹಂದಿಯ ಬೋಧೆಯನ್ನು ಕೇಳಲು ಸಕಲ ಪ್ರಾಣಿಗಳೂ ಕೂಡಿದವು. ಮೋಸಸ್ ಮಾತ್ರ ಹಿಂಬಾಗಿಲ ಬಳಿಯ ತನ್ನ ಕೋಲಿನ ಮೇಲೆ ಮಲಗಿದ್ದಿತು. ಎರಡನೆಯ ಅಧ್ಯಾಯದಲ್ಲಿ ಅದರ ಪರಿಚಯವಾಗುವುದು: ಜೋನ್ಸನ ಮುದ್ದಿನ ಪಕ್ಷಿ, ಗೂಢಚಾರ, ಚಾಡಿಕೋರ, ಆದರೆ ಮಾತಿನಲ್ಲಿ ಬಲು ಜಾಣ. ಸತ್ತ ಮೇಲೆ ಪ್ರಾಣಿಗಳೆಲ್ಲ ಹೋಗಿ ಸೇರುವ ಕಲ್ಲುಸಕ್ಕರೆಯ ಬೆಟ್ಟವೊಂದು ಮೋಡಗಳಾಚೆ ಇದೆಯೆಂದೂ, ಅಲ್ಲಿ ವಾರದ ಏಳು ದಿನವೂ ಭಾನುವಾರವೆಂದೂ, ಹಸುರುಮೇವು ವರುಷವೆಲ್ಲ ಬೆಳೆಯುವುದೆಂದೂ, ಬೇಲಿಗಳ ಮೇಲೆ ಸಕ್ಕರೆಯ ಗಟ್ಟಿಗಳೂ ಅಗಸೆಯ ಹಿಂಡಿಯೂ ಬಿಡುವವೆಂದೂ ಅದು ಹೇಳುವುದು. ಕೆಲಸ ಮಾಡದೆ ಚಾಡಿ ಹೇಳುವುದೆಂದು ಪ್ರಾಣಿಗಳು ಅದನ್ನು ಹಗೆಮಾಡುತ್ತಿದ್ದರೂ ಕೆಲವು ಅದರ ಬೆಟ್ಟವನ್ನು ನಂಬಿದ್ದವು. ಅಂತಹ ಸ್ಥಳವಿಲ್ಲವೆಂದು ತಿಳಿಯಹೇಳುವುದರಲ್ಲಿ ಹಂದಿಗಳಿಗೆ ಸಾಕುಬೇಕಾಯಿತು. ಹಸಿದವನ ಸ್ವರ್ಗವು ಎಷ್ಟು ಸಣ್ಣದೆಂಬುದನ್ನು ಇಲ್ಲಿ ಗಮನಿಸಬೇಕು. ಅಪ್ಸರೆಯರಿಲ್ಲ, ಅಮೃತವಿಲ್ಲ; ಒಂದಿಷ್ಟು ಹಿಂಡಿ, ಒಂದಿಷ್ಟು ಬಿಡುವು.

ಆಮೇಲೆ ಅದು ಓಡಿಹೋದುದನ್ನು ಹೇಳಿದೆನು. ಹಲವು ವರುಷಗಳು ಕಳೆದು, ಒಂಬತ್ತನೆಯ ಅಧ್ಯಾಯದಲ್ಲಿ, ನಡುಬೇಸಗೆಯ ಒಂದು ದಿನ ಅದು ಹಠಾತ್ತಾಗಿ ಹಿಂದಿರುಗಿ ಬರುವುದು. ಸ್ವಲ್ಪವೂ ಬದಲಾಗಿಲ್ಲ, ಅದೇ ಬೆಟ್ಟ, ಅದೇ ಹಿಂಡಿ, ಅದೇ ಸಕ್ಕರೆ. ಒಂದು ಮರದ ಮೋಟಿನ ಮೇಲೆ ಕುಳಿತು, ಕೇಳುವವರಿದ್ದರೆ ಗಂಟೆಗಟ್ಟಲೆ ಹೇಳುವುದು. ಹೊಸದಾಗಿ ಸೇರಿಸಿದುದು ಒಂದೇ ಮಾತು: ಎತ್ತರದಲ್ಲಿ ಹಾರಿದಾಗ ತಾನೇ ಕಣ್ಣಾರೆ ಕಂಡು ಬಂದಿರುವೆನೆಂಬುದು. ಈ ಸಲ ಹಂದಿಗಳು ಹಿಂದಿನಂತೆ ವಾದಕ್ಕೆ ನಿಲ್ಲಲಿಲ್ಲ. ಕಾಗೆಯ ಮಾತೆಲ್ಲ ಸುಳ್ಳೆಂದು ತಾತ್ಸಾರದಿಂದ ಹೇಳಿದವು. ಹಾಗೆ ಹೇಳುತ್ತಲೇ ಅದನ್ನು ಕೆಲಸವಿಲ್ಲದೆ ಹೊಲಮನೆಯಲ್ಲಿರಗೊಟ್ಟು, ದಿನಕ್ಕೊಂದು ಗಿಲ್ ಬೀರನ್ನೂ ಗೊತ್ತುಮಾಡಿದವು. ಹಂದಿಗಳ ಮನಸ್ಸೇನೆಂಬುದನ್ನು ತಿಳಿಯುವುದು ಕಷ್ಟವಾಗಿದ್ದಿತೆಂದು ಹೇಳಿ ಗ್ರಂಥಕರ್ತನು ಸುಮ್ಮನಾಗಿರುವನು. ಆ ಮೌನದಲ್ಲಿಯೇ ಧ್ವನಿಯಿದೆ.

ಈ ಗಿಲ್ ಎಂಬ ಅಳತೆಯ ಮೇಲೆ ಕ್ಷಣಕಾಲ ನಿಲ್ಲೋಣ. ಪೈಂಟಿನ ನಾಲ್ಕನೆಯ ಒಂದು ಪಾಲಿಗೆ ಗಿಲ್ ಎಂದು ಹೆಸರು. ಅದೇ ಅಧ್ಯಾಯದಲ್ಲಿ ಇನ್ನೆರಡು ಅಳತೆಗಳು ಬರುವವು: ಒಂದೊಂದು ಹಂದಿಗೆ ದಿನಕ್ಕೆ ಒಂದು ಪೈಂಟು ಬೀರು, ನೆಪೋಲಿಯನ್ನನಿಗೆ ಅರ್ಧ ಗ್ಯಾಲನ್. ಲೆಕ್ಕ ಹಾಕಿದರೆ ಕಾಗೆಗೆ ಒಂದು, ಹಂದಿಗೆ ನಾಲ್ಕು, ಅರಸಹಂದಿಗೆ ಹದಿನಾರು. ದುಡಿಯುವ ಕುದುರೆಗೂ ಮೊಟ್ಟೆಯಿಡುವ ಕೋಳಿಗೂ ಸೊನ್ನೆ. ಕಾಗೆಯ ಪಾಲು ಚಿಕ್ಕದು, ನಿಜ. ಆದರೆ ಆ ಅಳತೆಯ ಪಾತ್ರೆಯು ಎತ್ತಣ ಪಂಕ್ತಿಯಲ್ಲಿದೆಯೆಂಬುದನ್ನು ನೋಡಿದರೆ ಕಾಗೆಯು ಯಾರ ಪಂಕ್ತಿಯಲ್ಲಿ ಕುಳಿತಿದೆಯೆಂಬುದು ತಿಳಿಯುವುದು.

ಇನ್ನು ಚರಿತ್ರೆಯ ಅರ್ಥ. ರಷ್ಯದ ಕ್ರೈಸ್ತಸಂಘಕ್ಕೆ ಪೇಟ್ರಿಯಾರ್ಕ್ ಎಂಬ ಮಹಾಧರ್ಮಾಧ್ಯಕ್ಷನೊಬ್ಬನಿರುತ್ತಿದ್ದನು. 1700ರಲ್ಲಿ ಒಬ್ಬನು ತೀರಿಕೊಳ್ಳಲು, ಪೀಟರ್ ಚಕ್ರವರ್ತಿಯು ಆ ಪೀಠವನ್ನು ತೆರವಾಗಿಯೇ ಇರಿಸಿ, 1721ರಲ್ಲಿ ಅದರ ಬದಲಿಗೆ ತನ್ನ ಅಧೀನದ ಒಂದು ಮಂಡಲಿಯನ್ನು ಸ್ಥಾಪಿಸಿದನು. ಮರುವರುಷ ಇನ್ನೊಂದು ಕಟ್ಟಳೆ ಹೊರಟಿತು: ಪಾಪನಿವೇದನೆಗೆ ಬಂದವನು ಅರಸನ ಮೇಲೆ ದ್ರೋಹವನ್ನೆಣಿಸಿರುವೆನೆಂದು ಹೇಳಿದರೆ ಪಾದ್ರಿಯು ಅದನ್ನು ಗುಟ್ಟಾಗಿಡದೆ ಅಧಿಕಾರಿಗಳಿಗೆ ಒಪ್ಪಿಸತಕ್ಕದ್ದು. ದೇವರಿಗೆ ಹೇಳಿದ ಮಾತು ದೊರೆಯ ಕಿವಿಗೆ! ಜೋನ್ಸನ ಕಾಗೆಯನ್ನು ಆರ್ವೆಲ್ಲನು ಚಾಡಿಕೋರನೆಂದು ಕರೆದುದು ಬರಿಯ ಬೈಗುಳವಲ್ಲವೆಂದು ಇದರಿಂದ ವಿಶದವಾಗುವುದು. ಇನ್ನೂರು ವರುಷಗಳ ಕಾಲ ಆ ಸಂಘವು ಜಾರ್ ದೊರೆಗಳ ಅರಮನೆಯ ಹಿಂಬಾಗಿಲ ಕೋಲಿನ ಮೇಲೆ ಕುಳಿತಿದ್ದಿತು.

1917ರಲ್ಲಿ ದೊರೆತನವು ಬಿದ್ದಿತು. ಅದೇ ವರುಷದ ನವೆಂಬರಿನಲ್ಲಿ ಸಂಘವು ತೀಖಾನ್ ಎಂಬವನನ್ನು ಪೇಟ್ರಿಯಾರ್ಕನನ್ನಾಗಿ ಆರಿಸಿಕೊಂಡಿತು. ಆದರೆ ಬೋಲ್ಶೆವಿಕರು 1918ರಲ್ಲಿ ಸಂಘದ ಆಸ್ತಿಯನ್ನೆಲ್ಲ ಕಿತ್ತುಕೊಂಡರು. 1925ರಲ್ಲಿ ತೀಖಾನನು ತೀರಿಕೊಂಡ ಮೇಲೆ ಆ ಪೀಠಕ್ಕೆ ಮತ್ತೊಬ್ಬನನ್ನು ಆರಿಸಲು ಅವಕಾಶ ಸಿಕ್ಕಲಿಲ್ಲ. ಮಾಸ್ಕೋದ ಕ್ರಿಸ್ತರಕ್ಷಕ ಮಹಾದೇವಾಲಯವನ್ನು 1931ರಲ್ಲಿ ಸಿಡಿಮದ್ದಿನಿಂದ ಉರುಳಿಸಲಾಯಿತು. ಹೀಗಿರುವಲ್ಲಿ 1941ನೆಯ ಜೂನ್ 22ರಂದು ಜರ್ಮನರು ದಂಡೆತ್ತಿ ಬಂದರು. ದೇವಾಲಯಗಳನ್ನು ಮುಚ್ಚಿಸಿದ ಸರಕಾರಕ್ಕೆ ಜನರ ಎದೆಯನ್ನು ಮುಟ್ಟುವ ದನಿಯೊಂದು ಬೇಕಾಯಿತು. 1943ನೆಯ ಸೆಪ್ಟೆಂಬರ್ 4ರ ರಾತ್ರಿ ಸ್ಟಾಲಿನ್ನನು ಸೆರ್ಗಿ, ಅಲೆಕ್ಸಿ, ನಿಕೊಲಾಯ್ ಎಂಬ ಮೂವರು ಧರ್ಮಾಧ್ಯಕ್ಷರನ್ನು ಕ್ರೆಮ್ಲಿನ್ ಅರಮನೆಗೆ ಕರೆಸಿಕೊಂಡನು. ತಾನೇ ಎಳೆಯತನದಲ್ಲಿ ತಿಫ್ಲಿಸಿನ ಪಾದ್ರಿಗಳ ಪಾಠಶಾಲೆಯಲ್ಲಿ ಓದಿದವನು ಅವನು. ಏನು ಕೇಳಬೇಕು, ಏನು ಕೊಡಬೇಕು ಎಂಬುದು ಅವನಿಗೆ ಗೊತ್ತಿದ್ದಿತು. ನಾಲ್ಕೇ ದಿನಗಳಲ್ಲಿ, ಸೆಪ್ಟೆಂಬರ್ 8ರಂದು, ಸೆರ್ಗಿಯು ಪೇಟ್ರಿಯಾರ್ಕನಾಗಿ ಆರಿಸಲ್ಪಟ್ಟನು. ಹಿಂದೆ ಜರ್ಮನ್ ರಾಯಭಾರಿಯು ವಾಸವಾಗಿದ್ದ ಭವನವು ಸಂಘಕ್ಕೆ ದೊರೆಯಿತು, ಪತ್ರಿಕೆಗೆ ಅನುಮತಿ ದೊರೆಯಿತು, ಪಾಠಶಾಲೆಗೂ ದೊರೆಯಿತು. ಸಂಘದ ವ್ಯವಹಾರಗಳನ್ನು ನೋಡಿಕೊಳ್ಳಲು ಸರಕಾರದ ಒಂದು ಮಂಡಲಿಯಾಯಿತು. ಅದರ ತಲೆಯಾಳು ಕಾರ್ಪೋವ್ ಎಂಬವನು ಗುಪ್ತಪೊಲೀಸು ಇಲಾಖೆಯ ಅಧಿಕಾರಿ. ದೇವರಿಲ್ಲವೆಂಬ ಸಿದ್ಧಾಂತವನ್ನು ಸರಕಾರವು ಕೈಬಿಡಲಿಲ್ಲ. ಸುಳ್ಳೆಂದೂ ಹೇಳಿತು, ಬೀರನ್ನೂ ಕೊಟ್ಟಿತು. ಇದು ನಡೆದ ಎರಡು ತಿಂಗಳಿಗೆ ಆರ್ವೆಲ್ಲನು ತನ್ನ ಕಥೆಯನ್ನು ಬರೆಯತೊಡಗಿದನು.

ಚರಿತ್ರೆಯ ಅರ್ಥವನ್ನು ಇಷ್ಟು ಹೇಳಿ ಮುಗಿಸುವ ವ್ಯಾಖ್ಯಾನಕಾರರು ಹಲವರುಂಟು. ನನಗೆ ಅದರಿಂದ ತೃಪ್ತಿಯಾಗದು. ಯುದ್ಧಕ್ಕಾಗಿ ಸ್ಟಾಲಿನ್ನನು ಸಂಘವನ್ನು ಕರೆಸಿಕೊಂಡನು, ಸರಿ. ಕಥೆಯಲ್ಲಿ ಕಾಗೆ ಮರಳಿದಾಗ ಯುದ್ಧವೇನೂ ನಡೆದಿಲ್ಲ. ಹಾಗಾದರೆ ಕಥೆಯ ಒಳಗೆ, ಕಥೆಯದೇ ಕಾರಣದಿಂದ, ಹಂದಿಗಳಿಗೆ ಕಾಗೆಯೇಕೆ ಬೇಕಾಯಿತು? ಉತ್ತರವು ಅದೇ ಒಂಬತ್ತನೆಯ ಅಧ್ಯಾಯದ ಮೊದಲಿನಲ್ಲಿದೆಯೆಂದು ನಾನು ತಿಳಿದಿರುವೆನು. ದಂಗೆಯ ಹೊಸದರಲ್ಲಿ ಪ್ರಾಣಿಗಳಿಗೆ ವಿಶ್ರಾಂತಿಯ ವಯಸ್ಸನ್ನು ಗೊತ್ತುಮಾಡಿದ್ದರು: ಕುದುರೆಗೆ 12 ವರುಷ, ಹಸುವಿಗೆ 14, ನಾಯಿಗೆ 9, ಕುರಿಗೆ 7, ಕೋಳಿಗೆ 5. ಮುದಿಪ್ರಾಣಿಗಳು ಮೇಯಲೆಂದು ಹಣ್ಣಿನ ತೋಟದಾಚೆಯ ಚಿಕ್ಕ ಹೊಲವೊಂದನ್ನು ಬಿಡುವ ಮಾತಾಗಿದ್ದಿತು. ಆಮೇಲೆ ಆ ಹೊಲದಲ್ಲಿ ಜವೆಗೋಧಿಯನ್ನು ಬಿತ್ತಲು ಹಂದಿಗಳು ಗೊತ್ತುಮಾಡಿದವು. ಜವೆಗೋಧಿಯಿಂದ ಆಗುವುದೇನು? ಬೀರು. ದೊಡ್ಡ ಹುಲ್ಲುಗಾವಲಿನ ಮೂಲೆಯನ್ನು ಬೇಲಿಹಾಕಿ ಕೊಡುವರಂತೆ ಎಂಬ ಗಾಳಿಮಾತೊಂದು ಉಳಿಯಿತು. ಕುದುರೆಗೆ ದಿನಕ್ಕೆ 5 ಪೌಂಡು ಧಾನ್ಯ, ಚಳಿಗಾಲದಲ್ಲಿ 15 ಪೌಂಡು ಒಣಹುಲ್ಲು, ಹಬ್ಬದ ದಿನ ಒಂದು ಗಜ್ಜರಿಯಂತೆ! ಹತ್ತನೆಯ ಅಧ್ಯಾಯಕ್ಕೆ ಬರುವಾಗ ಆ ಮಾತನ್ನೂ ಬಿಟ್ಟು ಎಷ್ಟೋ ಕಾಲವಾಗಿದ್ದಿತು. ಒಂದು ಪ್ರಾಣಿಯೂ ಆ ವಿಶ್ರಾಂತಿಯನ್ನು ಕಾಣಲಿಲ್ಲ.

ನೋಡಿರಿ: ದುಡಿತದ ಕೊನೆಗೆ ವಿಶ್ರಾಂತಿಯೆಂಬ ಮಾತನ್ನು ಮೊದಲು ಕೊಟ್ಟವು ಹಂದಿಗಳೇ, ಭೂಮಿಯ ಮೇಲೆಯೇ, ಅಳೆದು ತೋರಿಸಬಹುದಾದ ಒಂದು ಹೊಲದಲ್ಲಿ. ಆ ಹೊಲವನ್ನು ಅವು ಕುಡಿದುಹಾಕಿದ ಮೇಲೆ ಅದೇ ವಿಶ್ರಾಂತಿಯನ್ನು ಆಕಾಶದಲ್ಲಿ ತೋರಿಸುವವನೊಬ್ಬನು ಬೇಕಾಯಿತು. ಕಾಗೆಯು ಆ ಕೆಲಸಕ್ಕೆ ಬಂದಿತು. ಅದಕ್ಕೆ ಕೊಟ್ಟ ಬೀರು ಕೂಡ, ಹೊಲವನ್ನು ಜವೆಗೋಧಿಗೆಂದು ಕಿತ್ತುಕೊಂಡ ಕೈಗಳಿಂದಲೇ ಬಂದುದು. ಮೊದಲು ಹಂದಿಗಳು ಕಾಗೆಯೊಡನೆ ವಾದಿಸಿದವಲ್ಲವೆ? ಆಗ ತಮ್ಮ ಸ್ವರ್ಗವು ಭೂಮಿಯಲ್ಲಿಯೇ ಬರುವುದೆಂದು ಅವೂ ನಂಬಿದ್ದವು; ಎರಡು ಸ್ವರ್ಗಗಳಿಗೆ ಪೈಪೋಟಿಯಿದ್ದಿತು. ತಮ್ಮದು ಬಾರದೆಂದು ಖಚಿತವಾದ ಮೇಲೆ ಕಾಗೆಯದರೊಡನೆ ಜಗಳವೇಕೆ?

ಪ್ರಾಣಿಗಳ ವಿಚಾರವನ್ನು ಆರ್ವೆಲ್ಲನು ಹಾಸ್ಯಮಾಡುವುದಿಲ್ಲವೆಂಬುದು ಇಲ್ಲಿ ಮುಖ್ಯ. ಇಲ್ಲಿ ಇಷ್ಟು ಹಸಿವು ಇಷ್ಟು ದುಡಿತವಿರುವಾಗ, ಇದಕ್ಕಿಂತ ಮೇಲಾದ ಲೋಕವೊಂದು ಎಲ್ಲಿಯಾದರೂ ಇರುವುದೇ ನ್ಯಾಯವಲ್ಲವೆ ಎಂದು ಅವು ತಮ್ಮೊಳಗೆ ತರ್ಕಿಸುವವು. ಈ ತರ್ಕದಲ್ಲಿ ದೋಷವನ್ನು ಹುಡುಕುವವನ ಹೊಟ್ಟೆ ತುಂಬಿರಬೇಕು. ಕಾರ್ಲ್ ಮಾರ್ಕ್ಸನು 1844ರಲ್ಲಿ ಧರ್ಮವನ್ನು ಅಫೀಮಿಗೆ ಹೋಲಿಸಿದುದು ಎಲ್ಲರಿಗೂ ಗೊತ್ತು; ಅದೇ ಸ್ಥಳದಲ್ಲಿ ಅವನು ಅದನ್ನು ನೊಂದ ಜೀವಿಯ ನಿಟ್ಟುಸಿರೆಂದೂ ಕರೆದಿದ್ದನೆಂಬುದನ್ನು ಬಲ್ಲವರು ಕಡಮೆ. ಆ ಮಾತನ್ನು ಹಿಂದುಮುಂದಿನ ಸಂದರ್ಭದಿಂದ ಕಿತ್ತು ಬಳಸುವರೆಂದು 1940ರ ಒಂದು ಲೇಖನದಲ್ಲಿ ಆಕ್ಷೇಪಿಸಿದವನು ಬೇರೆ ಯಾರೂ ಅಲ್ಲ, ಅಫೀಮು ಇಲಾಖೆಯ ನೌಕರನ ಮಗನಾದ ಈ ಆರ್ವೆಲ್ಲನೇ. ಅಫೀಮನ್ನು ಬೆಳೆಯಿಸಿ ಮಾರುವ ಸರಕಾರವನ್ನು ಅವನು ಮನೆಯೊಳಗಿನಿಂದ ಬಲ್ಲವನು. ಬೇನೆಯುಳ್ಳವನು ಔಷಧವನ್ನು ಬೇಡುವುದು ಒಂದು. ಬೇನೆಯನ್ನು ಕೊಟ್ಟವನೇ ಔಷಧವನ್ನು ಅಳೆದು ಹಂಚುವುದು ಬೇರೊಂದು. ಆರ್ವೆಲ್ಲನು ದೇವರನ್ನು ನಂಬಿದವನಲ್ಲ. ಆದರೂ 1950ರಲ್ಲಿ ತೀರಿಕೊಂಡಾಗ, ಅವನು ಬರೆದಿಟ್ಟಿದ್ದ ಇಚ್ಛೆಯಂತೆ, ಇಂಗ್ಲೆಂಡಿನ ಚರ್ಚಿನ ವಿಧಿಯಲ್ಲಿಯೇ ಅವನನ್ನು ಹಳ್ಳಿಯೊಂದರ ಚರ್ಚಿನಂಗಳದಲ್ಲಿ ಹೂಳಲಾಯಿತು. ಮನುಷ್ಯನ ಮನಸ್ಸನ್ನು ಒಂದೇ ಸೂತ್ರದಲ್ಲಿ ಕಟ್ಟಲಾಗದು.

ಇನ್ನು ಜಟಾಯು. ಕಾಗೆಯು ಮರಳಿ ಬಂದ ಬೇಸಗೆಯಲ್ಲಿಯೇ ಬಾಕ್ಸರ್ ಎಂಬ ಕುದುರೆಯು ಗಾಳಿಯಂತ್ರದ ಕಲ್ಲೆಳೆಯುತ್ತ ಕುಸಿದು ಬೀಳುವುದು. ಇಡಿಯ ಹೊಲಮನೆಯಲ್ಲಿ ಅದರಷ್ಟು ದುಡಿದ ಪ್ರಾಣಿ ಇನ್ನೊಂದಿಲ್ಲ. ವಿಶ್ರಾಂತಿಯ ವಯಸ್ಸಿಗೆ ಇನ್ನು ಒಂದೇ ತಿಂಗಳು. ಆಸ್ಪತ್ರೆಗೆ ಕಳುಹುವೆವೆಂದು ಹೇಳಿ ಹಂದಿಗಳು ಅದನ್ನು ಒಂದು ಮುಚ್ಚುಬಂಡಿಗೆ ಏರಿಸುವವು. ಕುದುರೆಗಳನ್ನು ಕೊಂದು ಅಂಟು ಕಾಯಿಸುವವನ ಹೆಸರು ಬಂಡಿಯ ಮೇಲೆ ಬರೆದಿರುವುದನ್ನು ಓದಿ ಕೂಗಿದುದು ಬೆಂಜಮಿನ್ ಎಂಬ ಕತ್ತೆ. ಎಂದೂ ಓಡದ, ಯಾವುದಕ್ಕೂ ಬಾಯಿಬಿಡದ ಆ ಕತ್ತೆಯು ಅಂದು ಓಡಿಬಂದು ಕೂಗಿತು. ತಡವಾದ ಕೂಗು, ಆದರೂ ಕೂಗು. ಕಾಗೆಯೆಲ್ಲಿ? ಗ್ರಂಥವು ಹೇಳುವುದಿಲ್ಲ. ಎತ್ತರದಿಂದ ಲೋಕವನ್ನೆಲ್ಲ ನೋಡಬಲ್ಲ ಪಕ್ಷಿ, ಮೋಡದಾಚೆಯ ಬೆಟ್ಟವನ್ನು ಕಣ್ಣಾರೆ ಕಂಡಿರುವೆನೆನ್ನುವ ಪಕ್ಷಿ, ಅಂಗಳದಲ್ಲಿ ನಿಂತ ಬಂಡಿಯ ಮೇಲಿನ ಅಕ್ಷರವನ್ನು ಕಂಡಿತೋ ಇಲ್ಲವೋ! ಸೀತೆಯನ್ನು ಹೊತ್ತ ರಾವಣನ ರಥವನ್ನು ಕಂಡಾಗ ಮುದಿಹದ್ದು ತನ್ನ ಬಲವನ್ನು ಲೆಕ್ಕ ಹಾಕಲಿಲ್ಲ. ರೆಕ್ಕೆಯನ್ನು ಕಳೆದುಕೊಂಡು ಬಿದ್ದಿತು. ಅದೂ ಪ್ರಕರಿ, ಇದೂ ಪ್ರಕರಿ. ಬಾಕ್ಸರನು ಕಲ್ಲುಸಕ್ಕರೆಯ ಬೆಟ್ಟಕ್ಕೆ ಹೋದನೆಂದು ಅಂದು ಸಂಜೆ ಕಾಗೆಯು ಹೇಳಿದ್ದರೆ ಹಂದಿಗಳು ಬಹಳ ಸಂತೋಷಪಡುತ್ತಿದ್ದವು. ಅದನ್ನು ಬರೆಯದೆ ಬಿಟ್ಟುದು ಗ್ರಂಥಕರ್ತನ ಸಂಯಮ.

ಇಷ್ಟು ಹೇಳಿದ ಮೇಲೆ ಆರ್ವೆಲ್ಲನ ಮೇಲೂ ಒಂದು ಆಕ್ಷೇಪವನ್ನು ಹೇಳಲೇಬೇಕು. ದಂಗೆಗೂ ಮರಳುವಿಕೆಗೂ ನಡುವೆ ಕಾಗೆಯು ಎಲ್ಲಿಯೋ ಸುಖವಾಗಿದ್ದಿತೆಂಬಂತೆ ಅವನ ಕಥೆ ನಡೆಯುವುದು. ರಷ್ಯದಲ್ಲಿ ಹಾಗಾಗಲಿಲ್ಲ. ಬರಗಾಲದ ನೆಪದಲ್ಲಿ ದೇವಾಲಯಗಳ ಬೆಳ್ಳಿಬಂಗಾರವನ್ನು ಕಿತ್ತುಕೊಂಡ 1922ರಲ್ಲಿ ಪೆಟ್ರೊಗ್ರಾಡಿನ ಧರ್ಮಾಧ್ಯಕ್ಷನಾದ ವೆನಿಯಮಿನನನ್ನು ಗುಂಡಿಕ್ಕಿ ಕೊಂದರು. 1937-38ರ ಭೀಕರ ಕಾಲದಲ್ಲಿ ಸಾವಿರಾರು ಮಂದಿ ಪಾದ್ರಿಗಳೂ ಸಂನ್ಯಾಸಿಗಳೂ ಸತ್ತರು.  ಅವರು ಬೀರು ಕುಡಿದ ಕಾಗೆಗಳಲ್ಲ. ಒಂದು ಸಂಘಕ್ಕೆ ಒಂದೇ ಪಕ್ಷಿಯನ್ನಿಟ್ಟರೆ, ರೆಕ್ಕೆ ಕತ್ತರಿಸಿಕೊಂಡವರೂ ಗಿಲ್ ಬೀರಿಗೆ ಕೊರಳು ಚಾಚಿದವರೂ ಒಂದೇ ಗೂಡಿಗೆ ಬೀಳುವರು. ಅನ್ಯೋಕ್ತಿಯ ಸ್ವಭಾವವೇ ಹೀಗೆ. ಗುಂಪನ್ನು ಒಂದು ಮುಖದಲ್ಲಿ ತೋರಿಸುವುದರಿಂದ ಮೊನೆಯು ಹರಿತವಾಗುವುದು, ನ್ಯಾಯವು ಕುಂದುವುದು. ಸೆರ್ಗಿಯನ್ನು ಕುರಿತೂ ನಾನು ಸುಲಭವಾಗಿ ತೀರ್ಪು ಹೇಳಲಾರೆನು. ಸಂಘವು ನಾಮಾವಶೇಷವಾಗುವುದೋ, ಅಳತೆಯ ಪಾತ್ರೆಯನ್ನು ಹಿಡಿದು ಉಳಿಯುವುದೋ ಎಂಬ ಸ್ಥಿತಿಯಲ್ಲಿ ನಿಂತವನು ಅವನು. ಇಂದು ಈ ಚಪ್ಪರದಡಿಯಲ್ಲಿ ಊಟಮಾಡಿ ಕುಳಿತ ನಾನಲ್ಲ.

ಆದರೆ ಪಾತ್ರೆಯ ಪ್ರಶ್ನೆಯು ನಮ್ಮನ್ನೂ ಬಿಟ್ಟುದಲ್ಲ. ದುಡಿಯದೆ ಉಣ್ಣುವ ಉಪದೇಶಕನನ್ನು ಕುರಿತು ಆರ್ವೆಲ್ಲನು ಎತ್ತಿದ ಸಂಶಯವನ್ನು ಶರಣರು ಹನ್ನೆರಡನೆಯ ಶತಮಾನದಲ್ಲಿಯೇ ಎತ್ತಿ, ಜಂಗಮಕ್ಕೂ ಕಾಯಕವನ್ನು ವಿಧಿಸಿದರು. ಮಾರಯ್ಯನು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಈ ಹೆಚ್ಚಿನದು ನಮಗೇಕೆಂದು ಲಕ್ಕಮ್ಮನು ಅದನ್ನು ಹಿಂದಕ್ಕೆ ಸುರಿದುಬರಲು ಕಳುಹಿದ ಕಥೆಯನ್ನು ಈ ಸಭೆಯಲ್ಲಿ ಅರಿಯದವರಿಲ್ಲ. ಬಡವಳೊಬ್ಬಳು ಬಾಗಿಲಲ್ಲಿ ನಿಂತು ಅಕ್ಕಿಯನ್ನು ಅಳೆದು ನೋಡಿದಳು. ಎಲ್ಲಿಂದ ಬಂದಿತು, ಎಷ್ಟು ಬಂದಿತು, ಏಕೆ ಬಂದಿತು ಎಂದು ಕೇಳಿದಳು. ಭಕ್ತರ ಹೊಲದಿಂದ ಬಂದ ಕಾಳಿನಿಂದ ದಾಸೋಹ ನಡೆಯುವುದು ಬೇರೆ. ಆಳುವವರ ಬಾಗಿಲಿನಿಂದ, ಅವರು ಯಾವ ಪಕ್ಷದವರೇ ಆಗಿರಲಿ, ಹಬ್ಬದ ಹೊತ್ತಿಗೆ ಸರಿಯಾಗಿ ಅಳೆದು ಬರುವ ಪಾತ್ರೆ ಬೇರೆ. ಎರಡನೆಯದು ಬಂದಾಗ ಲಕ್ಕಮ್ಮನ ಪ್ರಶ್ನೆಯನ್ನು ಕೇಳುವವರು ಮಠಗಳಲ್ಲಿ ಒಬ್ಬರಾದರೂ ಇರಬೇಕೆಂದು, ಸನ್ನಿಧಿಯವರ ಕ್ಷಮೆಯನ್ನು ಬೇಡಿಕೊಂಡು ವಿಜ್ಞಾಪಿಸುವೆನು.

ಕಾಗೆಯ ಮಾತು ಇನ್ನೊಂದು ಉಳಿದಿದೆ. ಹತ್ತನೆಯ ಅಧ್ಯಾಯದಲ್ಲಿ, ಅದರ ಹೆಸರು ಕಡೆಯ ಬಾರಿ ಒಂದೇ ವಾಕ್ಯದಲ್ಲಿ ಬಂದುಹೋಗುವುದು. ವರುಷಗಳು ಕಳೆದಿವೆ, ಹಳಬರೆಲ್ಲ ಸತ್ತಿರುವರು. ದಂಗೆಯ ಮುಂಚಿನ ದಿನಗಳು ನೆನಪಿರುವುದು ಕ್ಲೋವರ್ ಎಂಬ ಹೆಣ್ಣುಕುದುರೆಗೆ, ಬೆಂಜಮಿನ್ ಕತ್ತೆಗೆ, ಕೆಲವು ಹಂದಿಗಳಿಗೆ ಮತ್ತು ಮೋಸಸ್ಸಿಗೆ ಮಾತ್ರ. ಮುದಿಪ್ರಾಣಿಗಳು ಒಮ್ಮೊಮ್ಮೆ ತಲೆಕೆಡಿಸಿಕೊಳ್ಳುವವು: ಜೋನ್ಸನನ್ನು ಓಡಿಸಿದ ಹೊಸದರಲ್ಲಿ ನಮ್ಮ ಬಾಳು ಇದಕ್ಕಿಂತ ಮೇಲಾಗಿದ್ದಿತೋ, ಕೀಳಾಗಿದ್ದಿತೋ? ಅವುಗಳಿಗೆ ಜ್ಞಾಪಕವಾಗದು. ಹೋಲಿಸಿ ನೋಡಲು ಹಂದಿಗಳು ಓದಿಹೇಳುವ ಅಂಕಿಅಂಶಗಳ ಹೊರತು ಬೇರೇನೂ ಇಲ್ಲ. ಜೋನ್ಸನ ಬೀರಿನಲ್ಲಿ ಅದ್ದಿದ ರೊಟ್ಟಿಯನ್ನೂ ಹಂದಿಗಳ ಗಿಲ್ ಬೀರನ್ನೂ ಎರಡನ್ನೂ ರುಚಿನೋಡಿದ ಒಂದೇ ಒಂದು ನಾಲಗೆ ಆ ಹೊಲಮನೆಯಲ್ಲಿದ್ದಿತು. ಪ್ರಾಣಿಗಳ ಪ್ರಶ್ನೆಗೆ ಅದು ಉತ್ತರ ಹೇಳಿತೆಂದು ಗ್ರಂಥದಲ್ಲಿ ಎಲ್ಲಿಯೂ ಇಲ್ಲ.